ಅಂಗಳದಲ್ಲಿ ಲಾರಿಯ ಕಮಾನು ಬದಲಿಸಿದ್ದು

ಲಾರಿಯ ಹಿಂದಿನ ಎಡಗಡೆಯ ಕಮಾನು ಎರಡನೇ ಸಲ ಮುರಿದ ದಿನ ನಮ್ಮ ಬಾವನವರಿಗೆ ಆದ ಸಂತೋಷವನ್ನು ನಾನು ಕಣ್ಣಾರೆ ಕಂಡವಳು. ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಲಾರಿ ಒಂದು ಮಗ್ಗುಲಿಗೆ ವಾಲಿಕೊಂಡು, ಹಿಂದಿನ ಚಕ್ರ ಮರದ ಬಾಡಿಯನ್ನು ಉಜ್ಜಿ ಸುಟ್ಟ ವಾಸನೆ ಬಿಡುತ್ತಾ ಊರೊಳಗೆ ಬಂತು. ಅವರು ಕೈಯಲ್ಲಿದ್ದ ಎಲೆಯನ್ನು ಕೆಳಗೆ ಕೂಡ ಇಡಲಿಲ್ಲ.

“ಬಂತಾ ನಿಮ್ ಕುಂಟೆಮ್ಮೆ? ಕರ ಗಿರ ಆಕ್ತದಾ ನೋಡವ್ವ,” ಅಂದರು ನನಗೆ.

ಬಾವ ಅಂದರೆ ನನ್ನ ಗಂಡನ ಅಣ್ಣ. ಮನೆಯ ಯಜಮಾನಿಕೆ ಮಾವನವರ ಹೆಸರಿನಲ್ಲಿ, ಬೀಗದ ಕೈ ಬಾವನ ಸೊಂಟದಲ್ಲಿ. ನನ್ನ ಗಂಡ ಆ ಮನೆಯಲ್ಲಿ ಉಣ್ಣುವ ಹೊತ್ತಿಗೆ ಮಗ, ದುಡಿಯುವ ಹೊತ್ತಿಗೆ ಆಳು. ನಮ್ಮ ಊರು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ. ನನ್ನ ತವರಿನ ಒಡವೆಯೆಲ್ಲ ಕರಗಿಸಿ ಕೊಂಡ ಹಳೇ ಲಾರಿ ಅದು. ಅರಕಲಗೂಡಿನ ಕಡೆಯಿಂದ ಆಲೂಗೆಡ್ಡೆ, ಚನ್ನರಾಯಪಟ್ಟಣದ ಕಡೆಯಿಂದ ತೆಂಗಿನಕಾಯಿ ತುಂಬಿ ಹಾಸನಕ್ಕೆ ಹೊಡೆಯುತ್ತಿದ್ದೆವು. ಅದು ಓಡಿದರೆ ನಮ್ಮ ಅನ್ನ ನಾವು ಉಣ್ಣಬಹುದು. ನಿಂತರೆ ನನ್ನ ಗಂಡ ಮತ್ತೆ ಬಾವನ ಎತ್ತಿನ ಬಾಲ ತಿರುಚಿಕೊಂಡು ಇರಬೇಕು, ನಾನು ಓರಗಿತ್ತಿಯ ಮುಂದೆ ಎಣ್ಣೆಗೂ ಉಪ್ಪಿಗೂ ಕೈ ಚಾಚಬೇಕು. ಬಾವನವರು ಗಿರಾಕಿಯನ್ನೂ ನೋಡಿ ಇಟ್ಟಿದ್ದರು. ಚನ್ನರಾಯಪಟ್ಟಣದ ಹತ್ತಿರ ಎಣ್ಣೆ ಗಾಣ ಇಟ್ಟವನೊಬ್ಬ ಲಾರಿಯ ಇಂಜಿನ್ ಬಿಚ್ಚಿ ಗಾಣಕ್ಕೆ ಹೂಡುತ್ತೇನೆ ಅಂದಿದ್ದನಂತೆ. ಉಳಿದದ್ದು ಗುಜರಿಗೆ.

ಕಮಾನು ಅಂದರೆ ಏನು ಅಂತ ಈಗಿನವರಿಗೆ ಹೇಳಬೇಕು. ಈಗಿನ ಗಾಡಿಗಳಿಗೆ ಸುರುಳಿ ಸ್ಪ್ರಿಂಗು, ಕುಲುಕಾಟ ತಡೆಯುವ ಎಣ್ಣೆಯ ಕೊಳವೆ ಎಲ್ಲ ಇರುತ್ತವಂತೆ. ನಮ್ಮ ಲಾರಿಗೆ ಅವೇನೂ ಇರಲಿಲ್ಲ. ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಗ್ಗಿಸಿ ಒಂದರ ಕೆಳಗೆ ಒಂದು ಪೇರಿಸಿ ಬಿಗಿದಿರುತ್ತಾರೆ. ಮೇಲಿನ ಉದ್ದದ ಪಟ್ಟಿಗೆ ಎರಡು ತುದಿಯಲ್ಲೂ ಕಿವಿ, ಆ ಕಿವಿಗೆ ಪಿನ್ನು. ಹೊರೆ ಬಿದ್ದರೆ ತಗ್ಗಬೇಕು, ಇಳಿದರೆ ಮೇಲೇಳಬೇಕು. ಅದೇ ಅದರ ಕೆಲಸ. ಯುದ್ಧದ ಕಾಲ, ಪೆಟ್ರೋಲಿಗೆ ಕೂಪನ್ನು. ಹಾಗಾಗಿ ಲಾರಿಗೆ ಇದ್ದಿಲು ಉರಿಸಿ ಅದರ ಗ್ಯಾಸಿನಲ್ಲೇ ಇಂಜಿನ್ ಓಡಿಸುವ ಡ್ರಮ್ಮು ಕಟ್ಟಿಸಿದ್ದೆವು. ಕಟ್ಟಿದವನು ಅಷ್ಟು ಭಾರದ ಡ್ರಮ್ಮನ್ನು ಎಡಗಡೆಗೇ ನೇತು ಹಾಕಿ ಹೋದ. ಆಮೇಲೆ ಎಡಗಡೆಯ ಕಮಾನೇ ಮುರಿಯಿತು. ಆ ಜಾಣನಿಗೆ ಇದು ಮೊದಲೇ ಹೊಳೆಯಲಿಲ್ಲವೇ ಅಂತ ಕೇಳಲು ಹೋದರೆ ಅವನು ಅಷ್ಟರಲ್ಲಿ ಅಂಗಡಿ ಎತ್ತಿದ್ದ.

ಮೊದಲ ಸಲ ಮುರಿದಾಗ ಬಾವನವರು ಬುದ್ಧಿ ಹೇಳಿದರು. “ಊರಾಗೆ ಆಚಾರಿ ಇಲ್ವಾ? ಉಕ್ಕು ಗಿಕ್ಕು ಅಂತ ಆಸ್ನ ಸುತ್ತಕ್ಕೋಯ್ತೀರಲ್ಲ, ಒಂದ್ ಪಟ್ಟಿ ಬಗ್ಸಕ್ಕೆ.”

ಆಚಾರಿ ಎತ್ತಿನ ಗಾಡಿಯ ಚಕ್ರದ ಹಳೇ ಕಬ್ಬಿಣದ ಪಟ್ಟೆಯನ್ನು ಕಾಯಿಸಿ, ಬಡಿದು, ಮುರಿದ ಪಟ್ಟಿಯ ಅಳತೆಗೇ ಬಗ್ಗಿಸಿ, ನೀರಿಗೆ ಅದ್ದಿ ಕೊಟ್ಟ. ನೋಡಲು ಚೆನ್ನಾಗಿತ್ತು. ಮಾವನವರು ಅದಕ್ಕೆ ವಿಭೂತಿ ಬಳಿದರು. ಆಲೂಗೆಡ್ಡೆ ಹೇರಿದ ಕೂಡಲೇ ತಗ್ಗಿತು. ಇಳಿಸಿದ ಮೇಲೆ ಎದ್ದಿತಾ ಅಂದರೆ ಇಲ್ಲ. ಬಗ್ಗಿದ್ದು ಬಗ್ಗಿದ ಹಾಗೇ ಇತ್ತು. ಅದು ಸತ್ತು ಮಲಗಿದ ಮೇಲೆ ಭಾರವೆಲ್ಲ ಕೆಳಗಿನ ಒಳ್ಳೇ ಪಟ್ಟಿಗಳ ಮೇಲೆ ಬಿದ್ದು ಅವೂ ಮುರಿದವು. ನಾನು ಆಚಾರಿಯ ಕುಲುಮೆಗೆ ಹೋಗಿ ಕೇಳಿದೆ.

“ಕಬ್ಣ ನನ್ ಮಾತ್ ಕೇಳ್ತು ಕಣವ್ವ,” ಅಂದ ಅವನು. “ನಿಮ್ ಆಲೂಗೆಡ್ಡೆ ಕೇಳ್ನಿಲ್ಲ. ನಾನೇನ್ ಮಾಡ್ಲಿ?”

ಇಂಥ ಮಾತಿಗೇನೂ ಆ ಊರಲ್ಲಿ ಬರ ಇರಲಿಲ್ಲ.

ಮುಂದಿನ ಸೋಮವಾರ ಹಾಸನದಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಲಾರಿಗಳನ್ನು ನೋಡುವವರಿದ್ದರು. ಗಾಡಿ ತನ್ನ ಕಾಲ ಮೇಲೆ ನಿಂತು ಅವರ ಮುಂದೆ ಹೋಗದಿದ್ದರೆ ಪರ್ಮಿಟ್ಟು ಹೋಯಿತು. ಪರ್ಮಿಟ್ಟು ಹೋದರೆ ಲಾರಿ ಎಣ್ಣೆ ಗಾಣಕ್ಕೆ ಹೋಯಿತು. ಇದು ನನಗೆ ಗೊತ್ತು, ನನ್ನ ಗಂಡನಿಗೆ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ಬಾವನವರಿಗೆ ಗೊತ್ತು.

ಹೊಸ ಕಮಾನು ಆ ಕಾಲದಲ್ಲಿ ಚಿನ್ನ ಕೊಟ್ಟರೂ ಸಿಗುತ್ತಿರಲಿಲ್ಲ. ಹಿರೀಸಾವೆಯಲ್ಲಿ ರಸ್ತೆ ಬದಿಯ ಹೋಟೆಲೊಂದರ ಹಿಂದೆ ನಮ್ಮ ಲಾರಿಯ ಕಂಪನಿಯದೇ ಒಂದು ಬಸ್ಸು ಸತ್ತು ಬಿದ್ದಿದೆ ಅಂತ ನಮ್ಮ ಡ್ರೈವರ್ ಹೇಳಿದ. ಈ ಡ್ರೈವರ್ ಹಾಸನದವನು. ಮಡಿಕೇರಿ ಘಾಟಿಯಲ್ಲಿ ಗಾಡಿ ಹೊಡೆದವನು ಅಂತ ತನ್ನನ್ನು ತಾನೇ ಹೊಗಳಿಕೊಳ್ಳುವುದು ಬಿಟ್ಟರೆ ಕನ್ನಡಿಯಲ್ಲಿ ಕ್ರಾಪು ನೋಡಿಕೊಳ್ಳುವುದು ಅವನ ಮುಖ್ಯ ಕೆಲಸ. ಅವನು ಹೇಳಿದ್ದರಲ್ಲಿ ನಿಜವಾದದ್ದು ಇದೊಂದೇ. ನಮ್ಮ ಯಜಮಾನರೂ ಅವನೂ ಹೋಗಿ ನೋಡಿದರೆ ಬಸ್ಸಿನ ಸೀಟುಗಳೆಲ್ಲ ಹೋಟೆಲಿನ ಬೆಂಚುಗಳಾಗಿದ್ದವು, ಆದರೆ ಕಮಾನು ಇನ್ನೂ ಅಡಿಯಲ್ಲಿ ಇತ್ತು. ಮುರಿದದ್ದು ಒಂದು ಕಡೆಯದು ತಾನೇ, ಒಂದೇ ತರೋಣ, ಹೊರುವವರು ಯಾರು ಅಂದನಂತೆ ಡ್ರೈವರ್. ಯಜಮಾನರು ಕೇಳಲಿಲ್ಲ. ಒಂದು ಕಡೆ ಹಳೇದು, ಒಂದು ಕಡೆ ಬೇರೆ ಅಂದರೆ ಗಾಡಿ ಒಂದು ಕಾಲಿಗೆ ಎಕ್ಕಡ, ಇನ್ನೊಂದಕ್ಕೆ ಬೂಟು ಹಾಕಿದವನ ಹಾಗೆ ವಾಲುತ್ತದೆ ಅಂತ ಎರಡೂ ಕಡೆಯದನ್ನು ಬಿಚ್ಚಿಸಿ ಊರ ಕಡೆ ಬರುವ ಬೇರೆ ಬಸ್ಸಿನ ಮೇಲೆ ಹೇರಿಸಿಕೊಂಡು ಬಂದರು. ನನ್ನ ಗಂಡ ಯಾರ ಎದುರಿಗೂ ಗಟ್ಟಿಯಾಗಿ ನಿಂತವರಲ್ಲ. ಕಬ್ಬಿಣದ ವಿಷಯದಲ್ಲಿ ಮಾತ್ರ ಅಪರೂಪಕ್ಕೆ ನಿಲ್ಲುತ್ತಿದ್ದರು.

ಹಾಸನದ ಗಾಡಿ ರಿಪೇರಿಯ ಮೇಸ್ತ್ರಿ ಊರಿಗೆ ಬರಲು ಒಪ್ಪಲಿಲ್ಲ. ಲಾರಿ ಅಲ್ಲಿಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಮನೆಯ ಮುಂದಿನ ಅಂಗಳದಲ್ಲೇ ಮಾಡುವುದು ಅಂತಾಯಿತು. ಬೀದಿ ಇಳಿಜಾರು, ಅಂಗಳ ಸಮ. ಡ್ರೈವರ್ ಲಾರಿಯನ್ನು ತಂದು ನಿಲ್ಲಿಸಿದ. ನಿಲ್ಲಿಸಿದ್ದೇ ತಡ, ಮಾವನವರು ಒಳಗಿನಿಂದ ಓಡಿ ಬಂದರು.

“ಲೇ, ಅಲ್ಲ್ ಬ್ಯಾಡ ಕಣ್ಲಾ. ಇನ್ನೊಂದೀಟ್ ಮುಂದಕ್ ತಗಂಡೋಗು.”

“ಮುಂದೆ ತೊಟ್ಟಿ ಐತಲ್ಲಪ್ಪ. ಯಾಕೆ, ಇಲ್ಲೇನಾಯ್ತದೆ?” ಅಂದರು ನನ್ನ ಗಂಡ.

“ಯೇಳ್ದಷ್ಟ್ ಕೇಳ್ಲಾ. ಯಾಕೆ ಅಂತ ಕೇಳೋನ್ ಬಂದ.”

ಮಾವ ಡ್ರೈವರ್ ಕಡೆ ಒಂದು ಸಲ ನೋಡಿದರು, ನನ್ನ ಕಡೆ ಒಂದು ಸಲ ನೋಡಿದರು, ಬಾಯಿ ಮುಚ್ಚಿದರು. ಅವರು ಬಾಯಿ ಬಿಡದೆ ತೊಳಲಾಡುವುದನ್ನು ನೋಡಿ ನನಗೆ ಹೇಸಿಗೆಯಾಯಿತು. ಹೇಳುವುದಿದ್ದರೆ ಹೇಳಬೇಕು, ಇಲ್ಲದಿದ್ದರೆ ಒಳಗೆ ಹೋಗಬೇಕು. ಆಗ ಬಾವನವರು ಜಗುಲಿಯಿಂದ ಇಳಿದು ಬಂದು ಮಾವನ ಕಿವಿಯ ಹತ್ತಿರ, “ತುಂಬೈತಲ್ಲಪ್ಪ, ತಡ್ಕತದೆ, ಇರ್ಲಿ ಬುಡು,” ಅಂದರು. ನನಗೆ ಕೇಳಿಸಿತು. ಏನು ತುಂಬಿದೆಯೋ ಅರ್ಥವಾಗಲಿಲ್ಲ. ಮಾವ ಗೊಣಗುತ್ತಾ ಒಳಗೆ ಹೋದರು.

ಮೊದಲ ದಿನ ಬಲಗಡೆ ಹಿಡಿದೆವು. ಮುಂದಿನ ಚಕ್ರಗಳಿಗೆ ಕಲ್ಲು ಒಡ್ಡಿ, ಹಿಂದಿನ ಚೌಕಟ್ಟಿನ ಕೆಳಗೆ ಹಲಗೆ ಇಟ್ಟು ಅದರ ಮೇಲೆ ಜಾಕ್ ಏರಿಸಿ, ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಟ್ಟು ಚಕ್ರ ಬಿಚ್ಚಿದೆವು. ಕಮಾನನ್ನು ಅಚ್ಚಿಗೆ ಬಿಗಿಯುವುದು ಕುದುರೆ ಲಾಳದ ಹಾಗೆ ಬಗ್ಗಿದ ದೊಡ್ಡ ಬೋಲ್ಟುಗಳು. ಅವುಗಳ ನಟ್ಟು ತುಕ್ಕು ಹಿಡಿದು ಒಂದಾಗಿದ್ದವು. ಸೀಮೆಎಣ್ಣೆ ಹಾಕಬೇಕು ಅಂದ ಡ್ರೈವರ್. ಮನೆಯಲ್ಲಿ ದೀಪಕ್ಕೇ ಸೀಮೆಎಣ್ಣೆ ಇರಲಿಲ್ಲ. ನಾನು ಹೊಂಗೆ ಎಣ್ಣೆಯಲ್ಲಿ ಬಟ್ಟೆ ನೆನೆಸಿ ನಟ್ಟಿಗೆ ಸುತ್ತಿ ಬಿಟ್ಟೆ. ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳವೆ ತೂರಿಸಿ ನಾನೂ ಯಜಮಾನರೂ ಅದಕ್ಕೆ ಜೋತು ಬಿದ್ದೆವು. ಒಂದು ಬಿಟ್ಟು ಉಳಿದವೆಲ್ಲ ತಿರುಗಿದವು. ತಿರುಗದ್ದನ್ನು ಉಳಿ ಇಟ್ಟು ಸೀಳಬೇಕಾಯಿತು. ಡ್ರೈವರ್ ಅಷ್ಟು ಹೊತ್ತೂ ನೆರಳಲ್ಲಿ ನಿಂತು, “ಅಮ್ಮಾರೆ, ಸೀರೆ ಸಿಕ್ಕಂಡಾತು, ಉಸಾರು,” ಅಂತ ನಗುತ್ತಿದ್ದ.

“ಸೀರೆ ನಂದು, ಸಂಬ್ಳ ನಿಂದು. ಬಂದ್ ಇಡ್ಕ,” ಅಂದೆ. ಬಂದ.

ಹಿರೀಸಾವೆಯ ಕಮಾನು ಕೂರಿಸುವಾಗ ಇನ್ನೊಂದು ತೊಡಕು. ಪಟ್ಟಿಗಳನ್ನೆಲ್ಲ ನಡುವೆ ಒಂದು ಬೋಲ್ಟು ಪೋಣಿಸಿರುತ್ತದೆ. ಅದರ ತಲೆ ಅಚ್ಚಿನ ಮೇಲಿನ ಕುಳಿಯಲ್ಲಿ ಕೂತರೇನೇ ಅಚ್ಚು ಜರುಗದೆ ನಿಲ್ಲುವುದು. ಬಸ್ಸಿನ ಬೋಲ್ಟಿನ ತಲೆ ದಪ್ಪ, ನಮ್ಮ ಕುಳಿ ಸಣ್ಣದು. ತಲೆಯನ್ನೇ ಕತ್ತರಿಸಿ ಬಿಸಾಕಿ, ಮೇಲೆ ಬಿಗಿದರೆ ಎಲ್ಲಿಗೆ ಹೋಗುತ್ತದೆ ಅಂದ ಡ್ರೈವರ್. ಹಾಗೆ ಮಾಡಿದ ಲಾರಿಯೊಂದನ್ನು ನಾನೇ ನೋಡಿದ್ದೆ, ಹಿಂಭಾಗ ಒಂದು ಕಡೆ, ಮುಂಭಾಗ ಒಂದು ಕಡೆ, ಬೀದಿ ನಾಯಿ ಓರೆಯಾಗಿ ಓಡುವ ಹಾಗೆ ಓಡುತ್ತಿತ್ತು. ಯಜಮಾನರು ಅರ ಹಿಡಿದು ಆ ತಲೆಯನ್ನು ಸುತ್ತಲೂ ಉಜ್ಜಿ ಉಜ್ಜಿ ಸಣ್ಣ ಮಾಡಿದರು. ಕೂತಿತು. ಸಂಜೆಯ ಹೊತ್ತಿಗೆ ಬಲಗಡೆ ನಿಂತಿತು. ನಾನು ಬೆರಳ ಸಂದಿನ ಜಿಡ್ಡನ್ನು ಬೂದಿಯಲ್ಲಿ ತೊಳೆದುಕೊಂಡು ಮುದ್ದೆ ಕಟ್ಟಿದೆ. ಬಾವನವರು ತಟ್ಟೆ ಮೂಸಿ, “ಇಟ್ಟೆಲ್ಲ ಲಾರಿ ನಾತ,” ಅಂದರು. ಆದರೂ ಎರಡು ಮುದ್ದೆ ಉಂಡರು.

ಮರುದಿನ ಎಡಗಡೆ. ಚಕ್ರ ಬಿಚ್ಚಿದ ಮೇಲೆ ನನ್ನ ಕಡೆಗೆ ಉರುಳಿಸಿದರು, ಆಚೆ ಗೋಡೆಗೆ ಒರಗಿಸು ಅಂತ. ಗೋಡೆ ದೂರ, ಬಿಸಿಲು ಬೇರೆ. ನಾನು ಅದನ್ನು ಅಲ್ಲೇ ಚೌಕಟ್ಟಿನ ಕೆಳಗೆ ತಳ್ಳಿ ಮಲಗಿಸಿಬಿಟ್ಟೆ. ಅದು ಜಾಣತನ ಅಂತ ಆಮೇಲೆ ಊರವರು ಹೇಳಿದರು. ಜಾಣತನವಲ್ಲ, ಸೋಮಾರಿತನ. ಯಾರೂ ತಪ್ಪು ತಿಳಿಯುವುದು ಬೇಡ.

ಯಜಮಾನರು ಗೋಣಿ ಹಾಸಿಕೊಂಡು ಲಾರಿಯ ಕೆಳಗೆ ತೂರಿ, ಮುಂದಿನ ಕಿವಿಯ ಪಿನ್ನು ಬಡಿಯಲು ಶುರು ಮಾಡಿದರು. ನಾನು ಹೊರಗೆ ಕುಕ್ಕರಗಾಲಲ್ಲಿ ಕೂತು ಉಳಿ ಕೊಡುವುದು, ತೆಗೆದುಕೊಳ್ಳುವುದು ಮಾಡುತ್ತಿದ್ದೆ. ಡ್ರೈವರ್ ಜಾಕಿನ ಹತ್ತಿರ. ಬಾವನ ಮಕ್ಕಳು ಸುತ್ತ ನಿಂತು ನೋಡುತ್ತಿದ್ದವು. ಆಗ ಜಗುಲಿಯಿಂದ ಬಾವ ಕೂಗಿದರು.

“ಬರ್ರೋ ಇತ್ಲಾಗೆ! ಲಾರಿ ತಾವ ಏನ್ರೋ ನಿಮ್ ಕೆಲ್ಸ? ಬಂದ್ ಜಗ್ಲಿ ಮ್ಯಾಲ್ ಕೂತ್ಕಳಿ!”

ಮಕ್ಕಳು ಹೋಗಲಿಲ್ಲ. ಅವರು ಇಳಿದು ಬಂದು, ಅಂಗಳದ ಅಂಚಿನಲ್ಲೇ ನಿಂತು, ಒಂದು ಹೆಜ್ಜೆಯೂ ಒಳಗೆ ಇಡದೆ, ತೋಳು ಚಾಚಿ ಮಕ್ಕಳನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ನಾನು ಉಳಿ ಹಿಡಿದುಕೊಂಡು ಅದನ್ನು ನೋಡಿದೆ. ಮಕ್ಕಳ ಮೇಲೆ ಇವರಿಗೆ ಇಷ್ಟು ಅಕ್ಕರೆ ಯಾವಾಗ ಬಂತು ಅಂದುಕೊಂಡೆ, ಅಷ್ಟೆ.

ಪಿನ್ನಿಗೆ ಬಿದ್ದ ಪ್ರತಿ ಪೆಟ್ಟಿಗೂ ಲಾರಿ ಅದುರುತ್ತಿತ್ತು. ಜಾಕಿನ ಹಲಗೆಯ ಸುತ್ತ ಸಗಣಿ ಸಾರಿಸಿದ ನೆಲದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಇನ್ನೊಂದು ಪೆಟ್ಟಿಗೆ ಆ ಬಿರುಕು ಹೆಂಚಿನ ಮೇಲಿನ ರೊಟ್ಟಿ ಸುತ್ತ ಬಿಡುವ ಹಾಗೆ ದುಂಡಗೆ ಓಡಿತು. ಹಲಗೆ ಒಂದು ಕಡೆ ತಗ್ಗಿತು. ನಾನು ಏನೂ ಕೂಗಲಿಲ್ಲ. ಕೂಗಿದರೆ ಅವರು ಏನು ಅಂತ ಕೇಳುತ್ತಾ ಅಲ್ಲೇ ಇರುತ್ತಿದ್ದರು, ಅವರ ಸ್ವಭಾವ ಅದು. ಉಳಿ ಬಿಸಾಕಿ ಎರಡು ಕಾಲೂ ಹಿಡಿದು ಎಳೆದೆ. ಸೊಂಟದವರೆಗೆ ಹೊರಗೆ ಬಂದಿದ್ದರು, ನೆಲ ಬಾಯಿ ಬಿಟ್ಟಿತು. ಜಾಕು, ಹಲಗೆ ಎಲ್ಲ ಒಳಗೆ ಹೋದವು. ದಿಮ್ಮಿ ಮಗುಚಿತು. ಲಾರಿಯ ಹಿಂಭಾಗ ಕೆಳಗೆ ಬಂದು, ಮಲಗಿಸಿದ್ದ ಚಕ್ರದ ಮೇಲೆ ಧಡ್ಡನೆ ಕೂತಿತು. ಚಕ್ರಕ್ಕೂ ಚೌಕಟ್ಟಿಗೂ ನಡುವೆ ಸಿಕ್ಕಿದ್ದು ಅವರ ಅಂಗಿ ಮಾತ್ರ. ಅಂಗಿ ಹರಿದು ಅಲ್ಲಿ ಉಳಿಯಿತು, ಅವರು ಇಲ್ಲಿಗೆ ಬಂದರು. ಮೊಣಕಾಲಿನ ಕೆಳಗೆ ಅಚ್ಚಿನ ತುದಿ ಉಜ್ಜಿ ಚರ್ಮ ಸುಲಿದಿತ್ತು. ಡ್ರೈವರ್ ಬೀದಿಯಲ್ಲಿ ನಿಂತಿದ್ದ. ಯಾವಾಗ ಓಡಿದನೋ ನನಗೆ ಕಾಣಲಿಲ್ಲ. ಮಡಿಕೇರಿ ಘಾಟಿಯಲ್ಲಿ ಗಾಡಿ ಹೊಡೆದವನು.

ನೆಲದಲ್ಲಿ ಬಿದ್ದ ತೂತಿನ ಒಳಗೆ ನೋಡಿದರೆ ಕೆಳಗೆ ಕತ್ತಲು, ಹೂಜಿಯ ಹೊಟ್ಟೆಯ ಹಾಗೆ ಅಗಲವಾದ ಗುಂಡಿ. ಆಗ ಗೊತ್ತಾಯಿತು, ಹಗೇವು. ರಾಗಿ ತುಂಬಿಡಲು ನೆಲದೊಳಗೆ ತೋಡುವ ಕಣಜ ಅದು. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಹಾಕಿದರೆ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಎಲ್ಲರ ಮನೆಯಲ್ಲೂ ಇತ್ತು, ಅಡಗಿಸುವ ವಸ್ತುವೇನಲ್ಲ. ಆದರೆ ಆಗ ಸರ್ಕಾರ ಯುದ್ಧದ ಹೆಸರಲ್ಲಿ ಮನೆಮನೆಯ ರಾಗಿ ಅಳೆದು ಲೆವಿ ಅಂತ ಒಂದು ಪಾಲು ಎತ್ತುತ್ತಿತ್ತು. ಹಾಗಾಗಿ ಮಾವನೂ ಬಾವನೂ, ನಾವು ತವರಿಗೆ ಹೋಗಿದ್ದಾಗ, ಅಂಗಳದಲ್ಲಿ ಗುಟ್ಟಾಗಿ ಹೊಸ ಹಗೇವು ತೋಡಿ, ತುಂಬಿ, ಮೇಲೆ ಸಾರಿಸಿಬಿಟ್ಟಿದ್ದರು. ಕಿರಿಮಗನಿಗೆ ಹೇಳಿರಲಿಲ್ಲ. ಕಿರಿಮಗನಿಗೆ ಹೇಳಿದರೆ ಸೊಸೆಗೆ ಗೊತ್ತಾಗುತ್ತದೆ, ಸೊಸೆಗೆ ಗೊತ್ತಾದರೆ ಊರಿಗೆ. ಅದಕ್ಕೇ ಹಿಂದಿನ ದಿನ ಆ ತೊಳಲಾಟ.

ಮಾವ ಬಂದು ತೂತಿನ ಬಳಿ ಮೊಣಕಾಲೂರಿ ಮೂಸಿದರು. ರಾಗಿ ತುಂಬಿದ ಹಗೇವಿನಿಂದ ಬಿಸಿ ಗಾಳಿ, ಕಮಟು ವಾಸನೆ ಬರುತ್ತದೆ, ತಲೆ ಸುತ್ತುತ್ತದೆ. ಅಲ್ಲಿ ಬರೀ ತಣ್ಣನೆ ಮಣ್ಣಿನ ವಾಸನೆ. ನನಗೂ ಹೊಳೆಯಿತು. ತುಂಬಿದ ಹಗೇವು ಲಾರಿಯನ್ನೂ ತಡೆಯುತ್ತದೆ, ಖಾಲಿಯಾದದ್ದೇ ಕುಸಿಯುವುದು. ಮಾವ ತಲೆಯೆತ್ತದೆ ಕೇಳಿದರು.

“ರಾಗಿ ಎಲ್ಲ್ಲಾ?”

ಬಾವ ಜಗುಲಿ ಬಿಟ್ಟು ಇಳಿಯಲಿಲ್ಲ. “ಇಲಿ ತಿಂದಿರ್ಬೇಕು ಕಣಪ್ಪ,” ಅಂದ.

ಇಲ್ಲಿಂದ ಮುಂದೆ ಅವನಿಗೆ ಬಹುವಚನ ಬರೆಯಲು ನನ್ನ ಕೈ ಬರುವುದಿಲ್ಲ.

“ಇಲಿ ಮೂಟೆ ಒಲ್ಕಂಡು ಗಾಡಿ ಕಟ್ಕಂಡ್ ಓಯ್ತಾ?” ಅಂದರು ಮಾವ. ಅವನು ಬಾಗಿಲ ಕಡೆ ನೋಡಿದ. ಮಾರಿದ್ದ, ಅಷ್ಟೇ. ಕಳ್ಳ ಮಾರುಕಟ್ಟೆಗೆ ಒಂದೊಂದು ಗಾಡಿ ಸಾಗಿಸಿದ್ದ. ಸಾಗಿಸಿದ್ದಕ್ಕೆ ನನಗೆ ಸಿಟ್ಟಿಲ್ಲ, ಆ ರಾಗಿಯಲ್ಲಿ ನಮಗೆ ಹೇಗೂ ಒಂದು ಸೇರು ಬರುತ್ತಿರಲಿಲ್ಲ. ಅಡಿಯಲ್ಲಿ ಟೊಳ್ಳು ಅಂತ ಗೊತ್ತಿದ್ದೂ ತುಂಬೈತೆ ಅಂತ ಅಪ್ಪನಿಗೆ ಹೇಳಿದ. ತನ್ನ ಮಕ್ಕಳನ್ನು ರಟ್ಟೆ ಹಿಡಿದು ಎಳೆದುಕೊಂಡ. ಲಾರಿಯ ಕೆಳಗೆ ಮಲಗಿದ್ದ ತಮ್ಮನನ್ನು ಕರೆಯಲಿಲ್ಲ.

ನನ್ನ ಗಂಡ ಕಾಲಿನ ರಕ್ತ ಒರೆಸಿಕೊಳ್ಳುತ್ತಾ, “ಅಣ್ಣಂಗೆ ಗೊತ್ತಿತ್ತೋ ಇಲ್ವೋ,” ಅಂದರು. ಅವರನ್ನು ಒಂದು ಸಲ ನೋಡಿದೆ. ಇಂಥವರನ್ನು ಎಳೆದು ಹೊರಗೆ ಹಾಕಿದ್ದೆ.

ಮಾವ ಎದ್ದು ಟವಲ್ಲು ಕೊಡವಿ ಹೆಗಲಿಗೆ ಹಾಕಿದರು. ಮೊದಲು ಅವರಿಗೆ ಬಂದ ಯೋಚನೆ ಮಗನದಲ್ಲ, ಮರ್ಯಾದೆಯದು. “ಬಾಗ್ಲಾಕ್ರಿ. ಇದ್ರ ಮ್ಯಾಲೆ ಉಲ್ಲು ಮುಚ್ಚಿ. ಯಾರ್ಗೂ ಉಸುರ್ ಬುಡ್ಬ್ಯಾಡಿ. ಶಾನ್ಭೋಗ್ರ ಕಿವೀಗ್ ಬಿದ್ರೆ ಕೈಗೆ ಕೋಳ ಆಕುಸ್ತಾರೆ. ನಿದಾನುಕ್ ಮಣ್ಣ್ ತುಂಬಾನ.”

“ಲಾರಿ?” ಅಂದೆ.

“ಲಾರಿ ಅಂಗೇ ಇರ್ಲಿ. ಒಂದ್ ವಾರ ಓಗ್ಲಿ.”

“ನಾಳೀಕ್ ಸೋಮ್ವಾರ ಮಾವ.”

“ಏ, ಸುಮ್ಕಿರವ್ವ! ಮನೆ ಮಾನ ಓಯ್ತಾ ಐತೆ, ಇವ್ಳಿಗ್ ಲಾರಿ!”

ಬಾವ ಜಗುಲಿಯ ಮೇಲಿಂದ ತಲೆದೂಗಿದ. ಅಪ್ಪನಿಗೆ ಅಷ್ಟು ವಿಧೇಯನಾದ ಮಗನನ್ನು ನಾನು ಕಂಡಿಲ್ಲ. ಒಂದು ವಾರ ಬಾಗಿಲು ಹಾಕಿದರೆ ಅವನ ಕಳ್ಳತನವೂ ಮುಚ್ಚುತ್ತದೆ, ನಮ್ಮ ಪರ್ಮಿಟ್ಟೂ ಹೋಗುತ್ತದೆ, ಎಣ್ಣೆ ಗಾಣದವನೂ ಬರುತ್ತಾನೆ. ನಾನು ಆ ತೂತಿನ ಪಕ್ಕ ನಿಂತು ಯೋಚಿಸಿದೆ. ಜಾಕು ಒಳಗೆ. ಊರಲ್ಲಿ ಇನ್ನೊಂದು ಜಾಕಿಲ್ಲ. ನಾವು ನಾಲ್ಕು ಜನ ಲಾರಿ ಎತ್ತಲಾರೆವು. ಊರನ್ನು ಕರೆಯಬೇಕು. ಕರೆದರೆ ಹಗೇವು ಕಾಣುತ್ತದೆ. ಕಂಡರೆ ಏನು? ಲೆವಿ ಇರುವುದು ರಾಗಿಗೆ, ಗುಂಡಿಗಲ್ಲ. ಇವನು ಕದ್ದು ಮಾರಿದ್ದರಿಂದ ಹಿಡಿಯಲು ಅಲ್ಲಿ ಒಂದು ಕಾಳೂ ಇಲ್ಲ. ಮಾವನ ಮಾನ ಹೋಗುತ್ತದೆ ನಿಜ. ಹೋಗಲಿ. ಅದರಿಂದ ನನಗೆ ಈವರೆಗೆ ಒಂದು ಸೀರೆಯೂ ಬಂದಿರಲಿಲ್ಲ.

ಸೆರಗು ಕಟ್ಟಿ ಬೀದಿಗೆ ಹೋಗಿ ಕೂಗಿದೆ. “ಲಾರಿ ಕುಸ್ದೈತೆ, ತೊಲೆ ತರ್ರಪ್ಪೋ! ಮಿಣಿ ತರ್ರಪ್ಪೋ! ನಮ್ ಅಂಗ್ಳದಾಗ್ ಹಗೇವ್ ಬಾಯ್ ಬುಟ್ಟೈತೆ!”

ಬರುವುದಕ್ಕೆ ಊರಿಗೆ ಅಷ್ಟೇ ಸಾಕು. ಲಾರಿ ಕುಸಿದಿದ್ದರೆ ನಾಲ್ಕು ಜನ ಬರುತ್ತಿದ್ದರೇನೋ, ಹಗೇವು ಅಂದದ್ದಕ್ಕೆ ಕೇರಿಗೆ ಕೇರಿಯೇ ಬಂತು. ತೊಲೆಯನ್ನೂ ತಂದರು, ಅದಕ್ಕೂ ಮೊದಲು ಕಣ್ಣು ತಂದರು. ಮಾವ ಒಳಗೆ ಹೋಗಿ ಕದ ಎಳೆದುಕೊಂಡರು. ಶಾನುಭೋಗರೂ ಕೊಡೆ ಹಿಡಿದುಕೊಂಡು ಬಂದು ಇಣುಕಿದರು.

“ಏನಮ್ಮಾ ಇದು? ಹೊಸ ಹಗೇವು ಕಂಡಂಗಿದೆ?”

“ಹೂಂ ಸಾಮಿ. ಖಾಲಿ. ಇಳ್ದ್ ನೋಡಿ.”

ಶಾನುಭೋಗರು ಇಳಿಯುವ ಪೈಕಿಯಲ್ಲ. ಕೊಡೆ ಮಡಿಸಿ ನೆರಳಿಗೆ ಹೋದರು.

ಮೊದಲು ಜಾಕ್ ತೆಗೆಯಬೇಕು. ದೀಪ ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆವು. ರಾಗಿಯ ಕಾವು ಇದ್ದರೆ ದೀಪ ಆರುತ್ತದೆ, ಇಳಿದವನೂ ಆರುತ್ತಾನೆ. ದೀಪ ಚೆನ್ನಾಗಿ ಉರಿಯಿತು. ಯಾರು ಇಳಿಯುವುದು ಅಂತ ಮುಖ ಮುಖ ನೋಡಿಕೊಂಡರು. ಡ್ರೈವರಿಗೆ ಆಗಲೇ ಸೊಂಟ ನೋವು ಬಂದಿತ್ತು. ನನ್ನ ಗಂಡನಿಗೆ ಕಾಲು. ನಾನು ಜಗುಲಿಯ ಕಡೆ ತಿರುಗಿ, ಊರಿಗೆಲ್ಲ ಕೇಳುವ ಹಾಗೆ ಅಂದೆ.

“ಬಾವ, ನೀವೇ ಇಳೀರಿ. ಒಳಗೆ ಎಲ್ಲೆಲ್ಲೇನೈತೆ ಅಂತ ನಿಮ್ಗೇ ಚೆಂದಾಗ್ ಗೊತ್ತು. ಇಳ್ದತ್ತಿ ಅಬ್ಯಾಸ ಐತೆ.”

ಯಾರೋ ಕಿಸಕ್ಕನೆ ನಕ್ಕರು. ಇಳಿಯದಿದ್ದರೆ ಇನ್ನೂ ಹೇಳುತ್ತಾಳೆ ಅಂತ ಅವನಿಗೆ ಗೊತ್ತಾಯಿತು. ಪಂಚೆ ಎತ್ತಿ ಕಟ್ಟಿ, ಮಿಣಿ ಹಿಡಿದು ಇಳಿದ. ಅವನ ತಲೆ ನೆಲಮಟ್ಟಕ್ಕೆ ಬಂದಾಗ, “ಜಾಕು, ಹಲಿಗೆ ಎರ್ಡೂ ಕಟ್ಟಿ. ಇಲಿ ಇದ್ರೆ ಅವ್ನೂ ಕಟ್ಟಿ,” ಅಂದೆ. ಮೇಲೆ ಬಂದಾಗ ತಲೆಗೂದಲೆಲ್ಲ ಮಣ್ಣು. ಮುಖ ತೊಳೆಯಲು ಹಿತ್ತಿಲಿಗೆ ಹೋದವನು ನಮ್ಮ ಕೆಲಸ ಮುಗಿಯುವವರೆಗೆ ಈಚೆಗೆ ಬರಲಿಲ್ಲ.

ಜಾಕ್ ಬಂತು, ಆದರೆ ಇಡಲು ಗಟ್ಟಿ ನೆಲವಿಲ್ಲ. ಎತ್ತಿನ ಗಾಡಿಯ ಚಕ್ರ ಹಾಕುವಾಗ ಗಾಡಿ ಎತ್ತುವ ಹಾಗೆ ಎತ್ತಿದೆವು. ನಮ್ಮ ಒರಳುಕಲ್ಲನ್ನು ಉರುಳಿಸಿ ತಂದು, ಅದರ ಮೇಲೆ ಉದ್ದನೆಯ ತೊಲೆ ಹಾಯಿಸಿ, ಒಂದು ತುದಿ ಲಾರಿಯ ಚೌಕಟ್ಟಿನ ಕೆಳಗೆ, ಇನ್ನೊಂದು ತುದಿಯ ಮೇಲೆ ಜನ. ಸಾಲಾಗಿ ಕೂತರು. ಕೂತು ಬೀಡಿ ಹಚ್ಚಿದರು. ಬಾವನ ರಾಗಿ ಯಾವ ಊರಿಗೆ ಹೋಗಿರಬೇಕು ಅಂತ ಮಾತಾಡುತ್ತಾ ಅಲ್ಲಾಡದೆ ಕೂತಿದ್ದರು. ಭಾರಕ್ಕೆ ಬೇಕಾದದ್ದು ಅಷ್ಟೇ ತಾನೇ. ಲಾರಿ ಎದ್ದಿತು. ಗುಂಡಿಯ ಬಾಯಿಗೆ ಅಡ್ಡಲಾಗಿ ಎರಡು ತೊಲೆ ಹಾಕಿ, ಅದರ ಮೇಲೆ ದಿಮ್ಮಿ ಕೊಟ್ಟು ನಿಲ್ಲಿಸಿದೆವು. ಕೆಳಗೆ ಈ ಸಲ ನಾನೇ ತೂರಿದೆ. ಯಜಮಾನರ ಕಾಲು ಊದಿತ್ತು, ಡ್ರೈವರಿನ ಸೊಂಟ ಇನ್ನೂ ಸರಿಯಾಗಿರಲಿಲ್ಲ. ಪಿನ್ನು ಅರ್ಧ ಬಂದಿತ್ತು, ಉಳಿದರ್ಧ ಬಡಿದೆ. ಮುರಿದ ಕಮಾನು ಎಳೆದು ಹಾಕಿ ಹಿರೀಸಾವೆಯದನ್ನು ಎತ್ತಿ ಕೊಟ್ಟರು. ಕಿವಿ, ಪಿನ್ನು, ನಡುವಿನ ಬೋಲ್ಟು, ಲಾಳದ ಬೋಲ್ಟು. ಈ ಕಡೆಯೂ ಒಂದು ನಟ್ಟು ಸೀಳಬೇಕಾಗಿತ್ತು, ಬದಲಿಗೆ ಬಸ್ಸಿನದೇ ಬಂದಿತ್ತು. ಯಜಮಾನರು ಹೊರಗಿನಿಂದ, “ಒಂದೇ ಕಡೆ ಬಿಗೀಬ್ಯಾಡ, ಅತ್ಲಾಗ್ ಒಂದೀಟು, ಇತ್ಲಾಗ್ ಒಂದೀಟು,” ಅಂತ ಹೇಳುತ್ತಿದ್ದರು. ಅಷ್ಟು ಹೇಳಲು ಬರುತ್ತಿತ್ತು ಅವರಿಗೆ.

ದಿಮ್ಮಿ ತೆಗೆದಾಗ ಲಾರಿ ತನ್ನ ಚಕ್ರದ ಮೇಲೆ ಇಳಿದು, ಸ್ವಲ್ಪ ತಗ್ಗಿ, ಮತ್ತೆ ಎದ್ದು ನಿಂತಿತು. ಹಿಂಭಾಗ ಮೊದಲಿಗಿಂತ ಎತ್ತರ. ಬಸ್ಸಿನ ಕಮಾನಲ್ಲವೇ.

ಸೋಮವಾರ ನಾನೂ ಹಾಸನಕ್ಕೆ ಹೊರಟೆ. ಹೆಂಗಸು ಯಾಕೆ ಅಂದ ಡ್ರೈವರ್. ನಿನಗೆ ಸೊಂಟ ನೋವು ಬಂದರೆ ಇರಲಿ ಅಂದೆ. ನಿಜವಾದ ಕಾರಣ ಬೇರೆ. ಹೊರಡುವ ಮುಂಚೆ ಯಜಮಾನರು ಹಿತ್ತಿಲಲ್ಲಿ ಅಣ್ಣನ ಜೊತೆ ಮಾತಾಡುತ್ತಿದ್ದರು. ಅಣ್ಣ ಅಳುತ್ತಿದ್ದ, ಇವರು ಬೆನ್ನು ಸವರುತ್ತಿದ್ದರು. ಇವರೊಬ್ಬರನ್ನೇ ಕಳಿಸಿದರೆ ಲಾರಿಯನ್ನು ಅಣ್ಣನಿಗೇ ಬರೆದುಕೊಟ್ಟು ಬಂದಾರು ಅನ್ನಿಸಿತು.

ಇನ್‌ಸ್ಪೆಕ್ಟರ್ ನಮ್ಮನ್ನು ಮರದ ಕೆಳಗೆ ಕಾಯಿಸಿದರು. ಆಮೇಲೆ ಬಂದು ಹಾರನ್ ಒತ್ತಿಸಿದರು, ಲಾಟೀನು ನೋಡಿದರು, ಬ್ರೇಕ್ ತುಳಿಸಿದರು. ಹಿಂದಿನ ಹಲಗೆಯ ಮೇಲೆ ಬೂಟುಗಾಲಲ್ಲಿ ನಿಂತು ಎರಡು ಸಲ ಕುಪ್ಪಳಿಸಿದರು. ದೊಡ್ಡ ಮನುಷ್ಯ ಹಾಗೆ ಕುಪ್ಪಳಿಸುವುದು ನೋಡಲು ಚೆನ್ನಾಗಿರಲಿಲ್ಲ. ಲಾರಿ ತಗ್ಗಿತು, ಎದ್ದಿತು. ಬಗ್ಗಿ ಬೆತ್ತದಿಂದ ಪಟ್ಟಿಗಳನ್ನು ತಟ್ಟಿದರು.

“ಯಾವ ವರ್ಕ್‌ಶಾಪಿನಲ್ಲಿ ಮಾಡಿಸಿದಿರಿ?”

“ಮನೇಲೇ ಸಾ,” ಅಂದರು ಯಜಮಾನರು.

ಇನ್‌ಸ್ಪೆಕ್ಟರ್ ಮೇಲಿಂದ ಕೆಳಗೆ ಒಂದು ಸಲ ನೋಡಿ, ನಂಬದೆ, ಪಾಸು ಅಂದರು. ಪರ್ಮಿಟ್ಟು ಬರೆಯಲು ಕೂತ ಗುಮಾಸ್ತ ಕೇಳಿದ. “ರಾತ್ರಿ ಹೊತ್ತು ಗಾಡಿ ನಿಲ್ಲಿಸೋ ಊರು ಯಾವ್ದು?”

ಯಜಮಾನರು ನಮ್ಮ ಊರಿನ ಹೆಸರು ಹೇಳಲು ಬಾಯಿ ತೆರೆದರು.

“ಹೊಳೆನರಸೀಪುರ,” ಅಂದೆ ನಾನು, ಲಾರಿಯಿಂದಲೇ.

ಗುಮಾಸ್ತ ಕತ್ತೆತ್ತಿದ. “ನೀವ್ಯಾರಮ್ಮ?”

“ಗಾಡಿ ನಂದು. ಬರ್ಕಳಿ.”

ಅವನು ಯಜಮಾನರ ಮುಖ ನೋಡಿದ. ಇವರು ಇಲ್ಲ ಅನ್ನಬಹುದಿತ್ತು. ಕುಂಟುವ ಕಾಲನ್ನು ಬದಲಿಸಿ ನಿಂತು, ಸುಮ್ಮನಿದ್ದರು. ಗುಮಾಸ್ತ ಬರೆದುಕೊಂಡ. ಹೊಳೆನರಸೀಪುರದಲ್ಲಿ ಆಗ ನಮಗೆ ಮನೆಯಿರಲಿ, ಲಾರಿ ನಿಲ್ಲಿಸಲು ಒಂದು ಮರದ ನೆರಳೂ ಗೊತ್ತಿರಲಿಲ್ಲ.

ಡ್ರೈವರ್ ಇದ್ದಿಲು ಕೆದಕಿ ಇಂಜಿನ್ ಹೊರಡಿಸಿದ. ಯಜಮಾನರು ಹತ್ತಿ ನನ್ನ ಪಕ್ಕ ಕೂತರು. ಊರ ಹೊರಗೆ ಬಂದ ಮೇಲೆ ಮೆಲ್ಲಗೆ, “ಈಗೆಲ್ಲಿಗ್ ಓಗದು?” ಅಂದರು.

“ಬರ್ಕಂಡವ್ರಲ್ಲ,” ಅಂದೆ, “ಅಲ್ಲಿಗೆ.”